ಪವರ್ ಪೆಟ್ರೋಲ್ ಹಾಕಿಸಿದರೆ ಬೈಕಿಗೆ ಪವರ್ ಬರುತ್ತದಾ?

ಪ್ರಶ್ನೆ: ನನ್ನದು 100 ಸಿಸಿ ಬೈಕು. ದಿನಾ ಕಾಲೇಜಿಗೆ 40 ಕಿ.ಮೀ. ಓಡಾಟ. 100 ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಹಾಕಿಸಲಾ?
– ವಿದ್ಯಾರ್ಥಿ, ಹಾಸನ

ಉತ್ತರ: ಬೇಡ. ಆ ದುಡ್ಡು ಉಳಿಸಿ, ಹೊತ್ತಿಗೆ ಸರಿಯಾಗಿ ಎಂಜಿನ್ ಆಯಿಲ್ ಬದಲಿಸಿ.

ಆಕ್ಟೇನ್ ನಂಬರ್ ಹೇಳುವುದು ಪೆಟ್ರೋಲಿಗೆ ತಾಳಿಕೊಳ್ಳುವ ಗುಣ ಎಷ್ಟಿದೆ ಅಂತ. ಪಿಸ್ಟನ್ ಮೇಲಕ್ಕೆ ಬಂದು ಪೆಟ್ರೋಲ್ ಮತ್ತು ಗಾಳಿಯನ್ನು ಅದುಮುತ್ತದೆ, ಪ್ಲಗ್ ಕಿಡಿ ಹೊತ್ತಿಸುತ್ತದೆ, ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ. ಅದು ತಲುಪುವ ಮೊದಲೇ ಮೂಲೆಯಲ್ಲಿರುವ ಪೆಟ್ರೋಲ್ ಒತ್ತಡಕ್ಕೆ, ಕಾವಿಗೆ ತಾನಾಗೇ ಸಿಡಿದರೆ ಎಂಜಿನ್ ಒಳಗೆ ಬಡಿತ ಶುರು. ಇದನ್ನೇ ನಾಕಿಂಗ್ ಅನ್ನುವುದು. ಆಕ್ಟೇನ್ ಜಾಸ್ತಿ ಇದ್ದಷ್ಟೂ ಪೆಟ್ರೋಲ್ ಹಾಗೆ ಅವಸರಪಟ್ಟು ಸಿಡಿಯುವುದಿಲ್ಲ. ಅಷ್ಟೇ ಅದರ ಕೆಲಸ. ಶಕ್ತಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಎಥೆನಾಲ್ ನೋಡಿ, ಅದರ ಆಕ್ಟೇನ್ ಸುಮಾರು 108, ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ!

ನಿಮ್ಮ ಬೈಕಿನಂಥ ಎಂಜಿನ್‌ಗಳಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಅದುಮುವ ಪ್ರಮಾಣ, 10ಕ್ಕೆ 1ರ ಆಸುಪಾಸು. ಅದಕ್ಕೆ ಸಾದಾ ಪೆಟ್ರೋಲ್ ಧಾರಾಳ ಸಾಕು. ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ 100 ಬಂದಿದ್ದು 2020ರ ಡಿಸೆಂಬರ್‌ನಲ್ಲಿ, ಆಗಲೇ ಲೀಟರಿಗೆ ಸುಮಾರು 160 ರೂಪಾಯಿ ಇತ್ತು. ಕಂಪ್ರೆಷನ್ 12 ದಾಟಿದ ಕೆಟಿಎಂ 390ರಂಥ ಗಾಡಿ ಇಟ್ಟುಕೊಂಡವರು ಹೆಚ್ಚಿನ ಆಕ್ಟೇನ್ ಬಗ್ಗೆ ಯೋಚಿಸುವುದರಲ್ಲಿ ಅರ್ಥವಿದೆ. ಅವರೂ ಮೊದಲು ನೋಡಬೇಕಾದದ್ದು ಗಾಡಿ ಜೊತೆ ಬಂದ ಪುಸ್ತಕವನ್ನು, ಗೆಳೆಯನ ಮಾತನ್ನಲ್ಲ.

ಇನ್ನೊಂದು ವಿಷಯ. ನಮ್ಮ ಸಾದಾ ಪೆಟ್ರೋಲ್ ಮೊದಲು 91 ಇತ್ತು. ಈಗ ಶೇ 20 ಎಥೆನಾಲ್ ಬೆರೆತ ಮೇಲೆ 95ಕ್ಕೆ ಬಂದಿದೆ ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು. ಅಂದಮೇಲೆ ಬಂಕಿನಲ್ಲಿ 95 ಅಂತ ಬೋರ್ಡ್ ಹಾಕಿದ ಪೆಟ್ರೋಲಿಗೆ ಜಾಸ್ತಿ ಕೊಡುವಾಗ ನಿಮಗೆ ಸಿಗುವುದು ಹೆಚ್ಚಾಗಿ ಅದರಲ್ಲಿರುವ, ಎಂಜಿನ್ ಚೊಕ್ಕಟ ಇಡುವ ರಾಸಾಯನಿಕ. ಅದು ಕೆಟ್ಟದ್ದೇನಲ್ಲ. ಆದರೆ ಪಿಕಪ್ ಅಲ್ಲ.

ಪ್ರಶ್ನೆ: ಘಾಟಿ ಹತ್ತುವಾಗ ಎಂಜಿನ್‌ನಿಂದ ಟಿಣ್ ಟಿಣ್ ಸದ್ದು ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಇಲ್ಲ. ಪೆಟ್ರೋಲ್ ಸರಿ ಇಲ್ಲವಾ?
– ಓದುಗರು, ಉಜಿರೆ

ಉತ್ತರ: ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ ಅಲ್ವಾ? ನಾಕಿಂಗ್ ಅದೇ. ಆದರೆ ಪೆಟ್ರೋಲನ್ನು ಬೈಯುವ ಮೊದಲು ನಿಮ್ಮ ಎಡಗಾಲನ್ನು ಗಮನಿಸಿ. ಹಿಂದೆ ಒಬ್ಬರು ಕೂತಿದ್ದಾರೆ, ಚಾರ್ಮಾಡಿ ತಿರುವು, ನಾಲ್ಕನೇ ಗೇರಿನಲ್ಲೇ ಆಕ್ಸಿಲೇಟರ್ ಪೂರ್ತಿ ತಿರುಗಿಸಿದರೆ ಎಂಥ ಎಂಜಿನ್ನೂ ಒದ್ದಾಡುತ್ತದೆ. ಒಂದು ಗೇರ್ ಇಳಿಸಿ. ಸದ್ದು ನಿಂತರೆ ಅಲ್ಲಿಗೆ ಮುಗಿಯಿತು.

ಗೇರ್ ಇಳಿಸಿದರೂ ಬಂದರೆ ಒಳಗೆ ನೋಡಬೇಕು. ನನ್ನ ಹಳೆಯ ಬೈಕಿಗೂ ಇದೇ ಕಾಯಿಲೆ ಬಂದಿತ್ತು. ಎರಡು ತಿಂಗಳು ಸುಮ್ನೆ ದುಬಾರಿ ಪೆಟ್ರೋಲ್ ಹಾಕಿಸಿದೆ. ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಕೊನೆಗೆ ಮೆಕ್ಯಾನಿಕ್ ಎಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್ ಬಿಚ್ಚಿ ತೋರಿಸಿದರು. ಪಿಸ್ಟನ್ ನೆತ್ತಿ ಮೇಲೆ ಸೀದ ದೋಸೆಯ ತಳದ ಹಾಗೆ ಕಪ್ಪು ಕಾರ್ಬನ್ ಕೂತಿತ್ತು. ಮರದ ಚೂರಿನಿಂದ ಕೆರೆದರೆ ಪದರ ಪದರ ಎದ್ದು ಬಂತು. ಆ ಪದರ ಜಾಗ ತಿಂದು ಕಂಪ್ರೆಷನ್ ಏರಿಸುತ್ತದೆ, ಕಾದು ಕೆಂಡವಾಗಿ ಪೆಟ್ರೋಲನ್ನು ಮೊದಲೇ ಹೊತ್ತಿಸಲೂಬಹುದು. ಕೆರೆದು ಜೋಡಿಸಿದ ಮೇಲೆ ಸಾದಾ ಪೆಟ್ರೋಲಿನಲ್ಲೇ ಸದ್ದಿಲ್ಲದೆ ಘಾಟಿ ಹತ್ತಿತು. ನೀವೂ ಕಾರ್ಬನ್, ಟೈಮಿಂಗ್ (ಕಿಡಿ ಹೊತ್ತುವ ಹೊತ್ತು), ಪ್ಲಗ್ ಮೂರನ್ನೂ ನೋಡಿಸಿ. ದಯವಿಟ್ಟು ಹಾಗೇ ಓಡಿಸಬೇಡಿ. ವರ್ಷಗಟ್ಟಲೆ ಬಡಿಸಿಕೊಂಡರೆ ಪಿಸ್ಟನ್ನೇ ತೂತು ಬೀಳಬಹುದು.

ಪ್ರಶ್ನೆ: ಅಪ್ಪನ ಕಾಲದ ಯೆಜ್ಡಿ ಇದೆ. ಅದಕ್ಕೆ ಯಾವ ಆಕ್ಟೇನ್ ಒಳ್ಳೆಯದು?
– ಓದುಗರು, ಮೈಸೂರು

ಉತ್ತರ: ನಿಮ್ಮೂರಿನಲ್ಲೇ ಹುಟ್ಟಿದ ಗಾಡಿ, 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಇನ್ನೂ ಓಡುತ್ತಿದೆ, ಕೇಳಿಯೇ ಖುಷಿಯಾಯಿತು. ಆಕ್ಟೇನ್ ಚಿಂತೆ ಬಿಡಿ, ಸಾದಾ ಪೆಟ್ರೋಲ್ ಸಾಕು. 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆದಾಗ ಹಳೆಯ ಎಂಜಿನ್‌ಗಳ ವಾಲ್ವ್ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಜಾಗ) ಸವೆಯುವ ಭಯ ಇತ್ತು. ನಿಮ್ಮದು ಟೂ ಸ್ಟ್ರೋಕ್, ಅದರಲ್ಲಿ ಆ ವಾಲ್ವೇ ಇಲ್ಲ.

ನಿಮ್ಮ ಗಾಡಿಗೆ ತೊಂದರೆ ಕೊಡಬಹುದಾದದ್ದು ಎಥೆನಾಲ್. ಹಳೆಯ ರಬ್ಬರ್ ಪೈಪು, ವಾಷರ್ ಉಬ್ಬುತ್ತವೆ, ಬಿರುಕು ಬಿಡುತ್ತವೆ. ಅವನ್ನು ಎಥೆನಾಲ್ ತಡೆಯುವ ಪೈಪಿಗೆ ಬದಲಿಸಿ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲಿಗೆ ಆಯಿಲ್ ಬೆರೆಸಿ ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಬೇರೆಯಾಗಿ ತಳಕ್ಕೆ ಇಳಿಯಬಹುದು. ಎರಡು ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಓಡಿಸಿ. ಆಗದಿದ್ದರೆ ಟ್ಯಾಂಕ್, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿಡಿ.

ಪ್ರಶ್ನೆ: ಕೆಲಸಕ್ಕೆ ಅಮೆರಿಕದ ಡೆನ್ವರ್‌ಗೆ ಬಂದಿದ್ದೇನೆ. ಇಲ್ಲಿ ಬಂಕಿನಲ್ಲಿ 85, 87 ಅಂತ ಇದೆ. ಊರಲ್ಲಿ 91 ಹಾಕಿಸುತ್ತಿದ್ದೆ. ಇಷ್ಟು ಕಳಪೆಯಾ?
– ಓದುಗರು, ಡೆನ್ವರ್

ಉತ್ತರ: ಕಳಪೆ ಅಲ್ಲ, ಅಳತೆ ಬೇರೆ. ಆಕ್ಟೇನ್ ಅಳೆಯಲು ರಾನ್, ಮಾನ್ ಅಂತ ಎರಡು ಪರೀಕ್ಷೆಗಳಿವೆ, ಮಾನ್ ಕಠಿಣ, ಅದರಲ್ಲಿ ನಂಬರ್ ಕಡಿಮೆ ಬರುತ್ತದೆ. ನಮ್ಮಲ್ಲಿ ಬರೆಯುವುದು ರಾನ್ ಲೆಕ್ಕ. ಅಲ್ಲಿ ರಾನ್ ಮತ್ತು ಮಾನ್ ಎರಡರ ಸರಾಸರಿ. ಅಲ್ಲಿಯ 87 ಹೆಚ್ಚುಕಡಿಮೆ ನಮ್ಮ 91. ನೀವಿರುವುದು ಎತ್ತರದ ಊರು, ಗಾಳಿ ತೆಳು, ಸಿಲಿಂಡರಿನ ಒತ್ತಡವೂ ಕಡಿಮೆ, ಅದಕ್ಕೇ ಅಲ್ಲಿ 85 ಮಾರುತ್ತಾರೆ. ಹಳೆಯ ಕಾರ್ಬೊರೇಟರ್ ಗಾಡಿಗಳ ಕಾಲದ ರೂಢಿ ಅದು. ಈಗಿನ ಇಂಜೆಕ್ಷನ್ ಬೈಕಿಗೆ ಪುಸ್ತಕದಲ್ಲಿ 87 ಅಂತ ಇದ್ದರೆ 87ನ್ನೇ ಹಾಕಿಸಿ. ಬೆಟ್ಟ ಇಳಿದು ಬಯಲಿಗೆ ಹೋಗುವ ದಿನ ಟ್ಯಾಂಕಿನಲ್ಲಿ 85 ಇರಬಾರದು.