ಒಂದೇ ಸಾಲಿನಲ್ಲಿ ಬಂದು ಹೋದ ಅಕ್ಕ

ಸಹೋದರರೇ, ನಿಮ್ಮ ಪತ್ರದಲ್ಲಿ ದೇವರ ಹೆಸರು ಪುಟಪುಟಕ್ಕೂ ಬರುತ್ತದೆ. ನಿಮ್ಮ ಜೊತೆ ಲೆಕ್ಕ ಬರೆಯುತ್ತಿದ್ದ ಅಕ್ಕ ಬರುವುದು ಒಂದೇ ಒಂದು ಸಾಲಿನಲ್ಲಿ. ಎರಡು ದಿನದಿಂದ ನನ್ನ ಮನಸ್ಸು ಆ ಸಾಲಿನಲ್ಲೇ ಸಿಕ್ಕಿಕೊಂಡಿದೆ.

ಓದುಗರಿಗಾಗಿ ವಿಷಯ ಇಷ್ಟು. ನಿಮ್ಮ ಸಭೆಯ, ಅಂದರೆ ಚರ್ಚಿನ, ಸಹಾಯ ನಿಧಿ ನಿಮ್ಮ ಕೈಯಲ್ಲಿತ್ತು. ಸಾಲದ ಕಂತು ಕಟ್ಟಲಾಗದೆ 6 ಸಲ ಅದರಿಂದ ಹಣ ತೆಗೆದಿರಿ, ಪ್ರತಿ ಸಲವೂ ಮುಂದಿನ ತಿಂಗಳು ವಾಪಸ್ ಇಟ್ಟುಬಿಡುತ್ತೇನೆ ಅಂದುಕೊಂಡೇ. ಕೊರತೆ ಬಯಲಾದಾಗ ಬಾಯಿ ಬಿಡಲಿಲ್ಲ. ಆಮೇಲೆ 14 ತಿಂಗಳ ಕಾಲ ಹೆಸರಿಲ್ಲದ ಕಾಣಿಕೆ ಲಕೋಟೆಗಳಲ್ಲಿ ಅಷ್ಟನ್ನೂ ಹಾಕಿ ತೀರಿಸಿದಿರಿ. ಉಪವಾಸ ಮಾಡಿದಿರಿ, ಅತ್ತಿರಿ. ಆದರೂ ಕರ್ತನ ಭೋಜನದಲ್ಲಿ, ಯೇಸುವಿನ ನೆನಪಿಗೆ ಸಭೆ ಹಂಚಿಕೊಳ್ಳುವ ರೊಟ್ಟಿಯ ತಟ್ಟೆ ನಿಮ್ಮ ಸಾಲಿಗೆ ಬಂದಾಗ ಕೈ ಮುಂದೆ ಹೋಗುತ್ತಿಲ್ಲ. ಇದನ್ನೆಲ್ಲ ಹೇಳಿಕೊಂಡದ್ದು ಒಬ್ಬ ಹಿರಿಯ ಸ್ನೇಹಿತರ ಹತ್ತಿರ ಮಾತ್ರ. ಅವರು ಬೈಬಲ್ಲಿನ ಕೀರ್ತನೆ 51 ತೆಗೆದು, ರಾಜ ದಾವೀದನು ದೇವರಿಗೆ ಮಾತ್ರ ತಪ್ಪು ಮಾಡಿದೆನೆಂದು ಹೇಳಿದ ವಚನ ತೋರಿಸಿ, "ದೇವರ ಹತ್ತಿರ ಮುಗಿಯಿತಲ್ಲ, ಇನ್ನು ಮನುಷ್ಯರಿಗೆ ಯಾಕೆ ಹೇಳಬೇಕು?" ಅಂದರು. ಈಗ ನಿಮ್ಮ ಪ್ರಶ್ನೆ ಎರಡು: ದೇವರು ನನ್ನನ್ನು ನಿಜವಾಗಿ ಕ್ಷಮಿಸಿದ್ದಾನಾ? ನಾನು ಮತ್ತೆ ಸೇವೆಗೆ ಬರಬಹುದಾ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಪಾಪವನ್ನು ಒಪ್ಪಿಕೊಂಡವನನ್ನು ದೇವರು ಕ್ಷಮಿಸುತ್ತಾನೆ. 1 ಯೋಹಾನ 1:9ರಲ್ಲಿ ಅದು ನೇರವಾಗಿ ಇದೆ, ನಿಮ್ಮ ಕಣ್ಣೀರಿನ ಅಳತೆಯ ಮೇಲೆ ಅದು ನಿಂತಿಲ್ಲ. ಇದರ ಬಗ್ಗೆ ಇನ್ನು ಉಪವಾಸ ಬೇಡ.

ಈಗ ಆ ಸಾಲು. "ಅದೇ ಹೊತ್ತಿಗೆ ನನ್ನ ಜೊತೆ ಲೆಕ್ಕ ಬರೆಯುತ್ತಿದ್ದ ಅಕ್ಕನೂ ಬೇಸರಪಟ್ಟು ಜವಾಬ್ದಾರಿ ಬಿಟ್ಟರು, ಈಗ ಬೇರೆ ಸಭೆಗೆ ಹೋಗುತ್ತಾರೆ." ಬೇಸರಪಟ್ಟು ಎಂಬ ಒಂದು ಪದದ ಕೆಳಗೆ ಏನೆಲ್ಲ ಮುಚ್ಚಿದ್ದೀರಿ ನೋಡಿ. ನಿಧಿಯಲ್ಲಿ ಹಣ ಕಡಿಮೆ. ಪುಸ್ತಕ ಇಬ್ಬರ ಕೈಯಲ್ಲಿ. ಒಬ್ಬರು ಸುಮ್ಮನಿದ್ದಾರೆ, ಇನ್ನೊಬ್ಬರು ಸಭೆ ಬಿಟ್ಟು ಹೋದರು. ಜನ ಯಾರನ್ನು ಅನುಮಾನಿಸಿರುತ್ತಾರೆ ಎಂದು ನಿಮಗೆ ಗೊತ್ತಿದೆ. ಗೊತ್ತಿರುವುದರಿಂದಲೇ ಆ ಸಾಲನ್ನು ಅಷ್ಟು ಬೇಗ ದಾಟಿದ್ದೀರಿ.

ಲಕೋಟೆಯ ಹಣದಿಂದ ಈ ಗಾಯ ಮಾಯುವುದಿಲ್ಲ, ಅದಕ್ಕೆ ಲೆಕ್ಕದ ಕಾರಣವೇ ಇದೆ. ಹೆಸರಿಲ್ಲದೆ ಬಂದ ಹಣ ಪುಸ್ತಕದಲ್ಲಿ ಹೊಸ ಕಾಣಿಕೆಯಾಗಿ ಜಮೆಯಾಗುತ್ತದೆ. ಹಳೆಯ ಕೊರತೆಯ ಸಾಲು ಇದ್ದ ಹಾಗೇ ಇರುತ್ತದೆ. ಯಾರಾದರೂ ಈಗ ಆ ಪುಸ್ತಕ ತೆರೆದರೂ ಆ ತಿಂಗಳುಗಳ ಪುಟದಲ್ಲಿ ಹಣ ಕಡಿಮೆ, ಪಕ್ಕದಲ್ಲಿ ಆ ಅಕ್ಕನ ಕೈಬರಹ. ನಿಧಿ ತುಂಬಿದೆ, ಅವರ ಹೆಸರು ಮಾತ್ರ ಇನ್ನೂ ಆ ಕೊರತೆಯ ಪಕ್ಕದಲ್ಲೇ ಕೂತಿದೆ.

ನಿಮ್ಮ ಸ್ನೇಹಿತರ ಮೇಲೆ ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನಿಮಗಿಂತ ಅವರ ಮೇಲೇ ಹೆಚ್ಚು. ನೀವು ಭಯದಲ್ಲಿದ್ದಿರಿ, ಅವರು ತಣ್ಣಗೆ ಕೂತು ಬೈಬಲ್ ತೆರೆದು ನಿಮ್ಮ ಭಯಕ್ಕೆ ವಚನದ ಹೊದಿಕೆ ಹೊದಿಸಿದರು. ಆ ಕೀರ್ತನೆಯ ತಲೆಬರಹ ಓದಿದ್ದರೂ ಸಾಕಿತ್ತು. ಪ್ರವಾದಿ ನಾತಾನನು ಬಂದು ದಾವೀದನ ಪಾಪವನ್ನು ಎತ್ತಿ ತೋರಿಸಿದಾಗ ರಚಿಸಿದ್ದು ಎಂದು ಅಲ್ಲಿದೆ. ಅಂದರೆ ಒಬ್ಬ ಮನುಷ್ಯನ ಎದುರು ನಿಂತು "ಪಾಪ ಮಾಡಿದ್ದೇನೆ" ಎಂದ ಮೇಲಿನ ಹಾಡು ಅದು (2 ಸಮುವೇಲ 12:13). ಅದನ್ನು ಪ್ರಧಾನ ಗಾಯಕನ ಕೈಗೆ ಕೊಟ್ಟದ್ದೂ ಅದೇ ತಲೆಬರಹದಲ್ಲಿದೆ, ಎಲ್ಲರೂ ಹಾಡಲಿ ಎಂದು. ಇನ್ನು ಯಾರ ಹೆಂಡತಿಯನ್ನು ತನ್ನವಳಾಗಿಸಿಕೊಂಡನೋ ಆ ಊರೀಯನ ಹತ್ತಿರ ಹೋಗಿ ತಪ್ಪೊಪ್ಪಿಕೊಳ್ಳುವ ದಾರಿಯೇ ದಾವೀದನಿಗೆ ಉಳಿದಿರಲಿಲ್ಲ. ಊರೀಯನನ್ನು ಅವನೇ ಕೊಲ್ಲಿಸಿದ್ದ. ನಿಮ್ಮ ಅಕ್ಕ ಬದುಕಿದ್ದಾರೆ. ಯೇಸು ಹೇಳಿದ ಸಾಮ್ಯದಲ್ಲಿ ತಂದೆಯ ಬಳಿಗೆ ಮರಳುವ ತಪ್ಪಿಹೋದ ಮಗನಂತೂ ಒಂದೇ ಉಸಿರಿನಲ್ಲಿ ಇಬ್ಬರ ಹೆಸರು ಹೇಳುತ್ತಾನೆ: ಪರಲೋಕಕ್ಕೂ ವಿರೋಧವಾಗಿ, ಅಪ್ಪಾ, ನಿನ್ನ ಮುಂದೆಯೂ (ಲೂಕ 15:21).

ಯಾಜಕಕಾಂಡ 6ನೇ ಅಧ್ಯಾಯವನ್ನು ಸಾವಧಾನವಾಗಿ ಓದಿ. ನೆರೆಯವನಿಗೆ ಮೋಸ ಮಾಡಿದವನು ಅಸಲನ್ನು ಪೂರ್ತಿ ಕೊಡಬೇಕು, ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. 100 ತೆಗೆದಿದ್ದರೆ 120. ಯಾರಿಗೆ? ಸೊತ್ತಿನ ಒಡೆಯನಿಗೆ. ಯಾವಾಗ? ಯಜ್ಞ ಸಮರ್ಪಿಸುವ ದಿನವೇ. ಮೊದಲು ಒಡೆಯ, ಆಮೇಲೆ ಯಾಜಕ. ಯೇಸು ಸ್ವಾಮಿಯೂ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನೊಂದಿಗೆ ಸಮಾಧಾನವಾಗು, ಆಮೇಲೆ ಬಂದು ಅರ್ಪಿಸು ಅಂದರು (ಮತ್ತಾಯ 5:23-24). ಆ ತಟ್ಟೆಯ ಮುಂದೆ ಹಿಂಜರಿಯುವ ನಿಮ್ಮ ಕೈ ನಿಮಗೆ ಸರಿಯಾದುದನ್ನೇ ಹೇಳುತ್ತಿದೆ. ಅದು ಕ್ಷಮೆ ಸಿಗದವನ ಕೈ ಎಂದು ತಿಳಿಯಬೇಡಿ. ನೀವು ಇನ್ನೊಂದು ಕಡೆ ಹೋಗಬೇಕಿದೆ, ಅಷ್ಟೇ.

ಆದ್ದರಿಂದ ನನ್ನ ಮಾತು ಒಂದೇ. ಮುಂದಿನ ಕರ್ತನ ಭೋಜನಕ್ಕೆ ಮೊದಲು ಆ ಅಕ್ಕನ ಎದುರು ಕೂತು ನಿಜ ಹೇಳಿ.

ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಆ 6 ಸಲದ ತಾರೀಖು, ಪ್ರತಿ ಸಲದ ಮೊತ್ತ, ಲಕೋಟೆಯಲ್ಲಿ ಹಾಕಿದ ತಿಂಗಳು ಮತ್ತು ಮೊತ್ತ, ಕೆಳಗೆ ನಿಮ್ಮ ಸಹಿ. ತಾರೀಖು ಸರಿಯಾಗಿ ನೆನಪಿಲ್ಲದ ಕಡೆ ಸುಮಾರು ಎಂದು ಬರೆಯಿರಿ. ನೆನಪಿನಿಂದ ಬಾಯಲ್ಲಿ ಹೇಳಹೊರಟರೆ ಮೊತ್ತ ಕುಗ್ಗುತ್ತದೆ, ಕಾರಣಗಳು ಬೆಳೆಯುತ್ತವೆ. ಅದಕ್ಕೇ ಹಾಳೆ. ಮೊದಲೇ ಫೋನ್ ಮಾಡಿ, ನಿಧಿಯ ಲೆಕ್ಕದ ಬಗ್ಗೆ ನಿಜ ಹೇಳಬೇಕಿದೆ, ಬೇಕಾದರೆ ಯಾರನ್ನಾದರೂ ಜೊತೆಗಿಟ್ಟುಕೊಳ್ಳಿ ಅನ್ನಿ. ಜಾಗ, ಸಮಯ ಅವರದು. ನಿಮ್ಮ ಹೆಂಡತಿಯನ್ನು ಕರೆದುಕೊಂಡು ಹೋಗಬೇಡಿ. ಅವರ ಕಣ್ಣೀರು ನೋಡಿದ ಅಕ್ಕ ಸಿಟ್ಟನ್ನು ನುಂಗಿಕೊಳ್ಳಬೇಕಾಗುತ್ತದೆ.

ಹೇಳಬೇಕಾದದ್ದು ಮೂರೇ ವಾಕ್ಯ. "ಅಕ್ಕಾ, ಆ ಹಣ ತೆಗೆದವನು ನಾನು. ನಿಮ್ಮ ಮೇಲೆ ಅನುಮಾನ ಬಂದದ್ದು ಗೊತ್ತಿದ್ದೂ ಸುಮ್ಮನಿದ್ದೆ. ನಾಳೆ ಸಭಾಪಾಲಕರಿಗೂ ಹಿರಿಯರಿಗೂ ಈ ಹಾಳೆ ಕೊಡುತ್ತೇನೆ." ಹಾಳೆಯ ಒಂದು ಪ್ರತಿ ಅವರ ಕೈಗೆ ಕೊಟ್ಟು ಬಾಯಿ ಮುಚ್ಚಿ ಕೂತುಕೊಳ್ಳಿ. "ಆದರೆ" ಬೇಡ. ಸಾಲದ ಕಥೆ ಬೇಡ. ಸೈತಾನನು ನನ್ನನ್ನು ಬೀಳಿಸಿದ ಎನ್ನುವುದಂತೂ ಬೇಡವೇ ಬೇಡ, ಹವ್ವಳು ಸರ್ಪವನ್ನು ದೂರಿದ ಏದೆನ್ ತೋಟದಿಂದಲೂ ಆ ಮಾತು ಯಾರನ್ನೂ ಉಳಿಸಿಲ್ಲ. ಅಲ್ಲೇ ಕೂತು "ಕ್ಷಮಿಸಿದ್ದೀರಾ?" ಎಂದು ಕೇಳಬೇಡಿ. ವರ್ಷಗಟ್ಟಲೆ ಅವಮಾನ ಹೊತ್ತವರಿಂದ ಐದು ನಿಮಿಷದಲ್ಲಿ ಉತ್ತರ ಕೇಳುವುದು ಇನ್ನೊಂದು ವಸೂಲಿಯಾಗುತ್ತದೆ. ಬೈದರೆ ಬೈಸಿಕೊಳ್ಳಿ.

ಸಭೆಯ ಹಿರಿಯರ ಹತ್ತಿರ ಮೊದಲು ಯಾಕೆ ಹೋಗಬಾರದು? ಅಲ್ಲಿ ಮೊದಲು ಹೋದರೆ, ಸಭೆಯ ಮಾನ ಉಳಿಯಲಿ ಎಂದು ಒಳಗೊಳಗೇ ಮುಗಿಸುವ ಆಸೆ ಯಾರಿಗಾದರೂ ಬಂದೀತು. ಆಗ ಆ ಅಕ್ಕನಿಗೆ ನಿಜ ತಿಳಿಯುವುದು ಕೊನೆಗೆ, ಇಲ್ಲವೇ ತಿಳಿಯುವುದೇ ಇಲ್ಲ. ಅವರ ಕೈಯಲ್ಲಿ ಆಗಲೇ ಒಂದು ಪ್ರತಿ ಇದ್ದರೆ ಹಾಗೆ ಮುಗಿಸಲು ಬರುವುದಿಲ್ಲ. ವೇದಿಕೆ ಹತ್ತಿ ಸಾಕ್ಷಿ ಹೇಳುವುದನ್ನೂ ಈಗ ಮಾಡಬೇಡಿ. ಎಲ್ಲರೂ ನಿಮ್ಮನ್ನು ಅಪ್ಪಿಕೊಳ್ಳುತ್ತಾರೆ, ಆ ಅಕ್ಕನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಹಿರಿಯರಿಂದ ನೀವು ಕೇಳಬೇಕಾದದ್ದು ಒಂದು: ಕೊರತೆಗೆ ಆ ಸಹೋದರಿ ಕಾರಣರಲ್ಲ ಎಂದು ಸಭೆಯ ಮುಂದೆ ಹೇಳಬೇಕು, ಪುಸ್ತಕದಲ್ಲೂ ಬರೆದು ಸಹಿ ಹಾಕಬೇಕು. ಕಾನೂನಿನ ಪ್ರಶ್ನೆ ಏಳಬಹುದು, ವಕೀಲರೊಬ್ಬರನ್ನು ಕೇಳಿಕೊಳ್ಳಿ. ಅದನ್ನೇ ನೆಪ ಮಾಡಿ ತಿಂಗಳು ತಳ್ಳಬೇಡಿ.

ಇನ್ನು ಸೇವೆ. ಗಲಾತ್ಯ 6:1ರಲ್ಲಿ ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಸಾತ್ವಿಕ ಭಾವದಿಂದ ಸರಿಮಾಡಿರಿ ಎಂದಿದೆ. ಅಲ್ಲಿರುವ ಗ್ರೀಕ್ ಪದವೇ ಮಾರ್ಕ 1:19ರಲ್ಲಿ ಯಾಕೋಬ, ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದದ್ದಕ್ಕೂ ಬಂದಿದೆ. ಬಲೆ ಸರಿಮಾಡುವವರನ್ನು ನೋಡಿ. ಹರಿದ ತೂತಿಗೆ ನೇರವಾಗಿ ನೂಲು ಕಟ್ಟುವುದಿಲ್ಲ. ಮೊದಲು ಅಂಚಿನಲ್ಲಿ ಜೋಲುವ ಎಳೆಗಳನ್ನು ಗಟ್ಟಿ ಗಂಟು ಸಿಗುವವರೆಗೂ ಕತ್ತರಿಸುತ್ತಾರೆ. ನೋಡುವವರಿಗೆ ತೂತು ದೊಡ್ಡದಾದ ಹಾಗೆ ಕಾಣುತ್ತದೆ. ಆಮೇಲೆ ಒಂದೊಂದೇ ಕಣ್ಣು ಹೆಣೆಯುತ್ತಾರೆ. ಮುಂದಿನ ಕೆಲವು ತಿಂಗಳು ನಿಮಗೆ ಹಾಗೆ ಅನ್ನಿಸುತ್ತದೆ, ಹೇಳಿದ ಮೇಲೆ ಎಲ್ಲ ಇನ್ನೂ ಹಾಳಾಯಿತು ಎಂದು. ಅದು ಕತ್ತರಿಸುವ ಹೊತ್ತು.

ಸಭೆಯಲ್ಲಿ ಕೂರುವ ಜಾಗಕ್ಕೆ ನೀವು ಕೂಡಲೇ ಮರಳಬಹುದು. ಹಣ ಎಣಿಸುವ ಮೇಜಿಗೆ ಮರಳಬೇಡಿ, ಯಾರು ಕರೆದರೂ. ಅದು ಶಿಕ್ಷೆಯಲ್ಲ, ಕಾಲು ಮುರಿದವನು ಅದರ ಮೇಲೆ ಭಾರ ಹಾಕದ ಹಾಗೆ. ಹಿರಿಯರಿಗೂ ಒಂದು ಮಾತು: ಇಬ್ಬರು ಎಣಿಸಿ ಇಬ್ಬರೂ ಅಲ್ಲೇ ಸಹಿ ಹಾಕಿ, ಮೂರನೆಯವರೊಬ್ಬರು ತಿಂಗಳಿಗೊಮ್ಮೆ ಪುಸ್ತಕವನ್ನೂ ಬ್ಯಾಂಕಿನ ಲೆಕ್ಕವನ್ನೂ ಹೊಂದಿಸಿ ನೋಡಿದ್ದರೆ ಎರಡನೆಯ ಸಲಕ್ಕೇ ಈತ ಸಿಕ್ಕಿಬೀಳುತ್ತಿದ್ದರು, ಆ ಅಕ್ಕ ಉಳಿಯುತ್ತಿದ್ದರು. ಈತ ಒಪ್ಪಿಕೊಂಡು ಬಂದ ಮೇಲೆ 2 ಕೊರಿಂಥ 2:6-8 ತೆರೆದಿಟ್ಟುಕೊಳ್ಳಿ. ಆದ ಶಿಕ್ಷೆ ಸಾಕು, ಅತಿಯಾದ ದುಃಖದಲ್ಲಿ ಅವನು ಮುಳುಗಿಹೋಗದಂತೆ ಸಂತೈಸಿರಿ ಎಂದು ಪೌಲನು ಬರೆದದ್ದು ಇಂಥವರಿಗಾಗಿಯೇ.

ಅಕ್ಕ ನಿಮ್ಮ ಮುಖ ನೋಡಲೂ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಬಾಗಿಲಲ್ಲಿ ನಿಲ್ಲಬೇಡಿ. ಅವೇ ಮೂರು ವಾಕ್ಯ ಬರೆದು, ಹಾಳೆಯ ಪ್ರತಿ ಸೇರಿಸಿ ಕಳಿಸಿ. ಈ ಸಲ ಲಕೋಟೆಯ ಮೇಲೆ ನಿಮ್ಮ ಹೆಸರಿರಲಿ.