ಬೆಟ್ಟಕ್ಕೆ ಮೊದಲು ಊರಿಗೆ

ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ಓದುಗರೊಬ್ಬರು ಬರೆದಿರುವ ಪತ್ರದ ಸಾರಾಂಶ ಇಷ್ಟು. ಕಳೆದ ಮುಂಗಾರಿನಲ್ಲಿ ನಂದಿಬೆಟ್ಟದಿಂದ ಸೈಕಲ್ಲಿನಲ್ಲಿ ಇಳಿದು ಬರುವಾಗ ತಿರುವೊಂದರಲ್ಲಿ ಮರಳಿನ ಮೇಲೆ ಚಕ್ರ ಜಾರಿ ಅವರು ಬಿದ್ದರು. ಕೊರಳೆಲುಬು ಮುರಿಯಿತು, ಬಲಮಂಡಿಯ ಚಿಪ್ಪು ಸೀಳಿತು, ಶಸ್ತ್ರಚಿಕಿತ್ಸೆಯಾಯಿತು. ಈಗ ಮೂಳೆಗಳು ಕೂಡಿವೆ. ಸೈಕಲ್ ಹತ್ತಬಹುದೆಂದು ವೈದ್ಯರೂ ಫಿಸಿಯೋಥೆರಪಿಸ್ಟರೂ ಹೇಳಿದ್ದಾರೆ. ಆದರೆ ಹತ್ತಿದಾಗಲೆಲ್ಲ ಮೊಬೈಲಿನ ಆ್ಯಪ್ ತೋರಿಸುವ ಹಳೆಯ ಸಮಯವನ್ನು ಈಗಿನ ಸಮಯದೊಂದಿಗೆ ಹೋಲಿಸಿ ಮನಸ್ಸು ಕುಗ್ಗುತ್ತದೆ, ಇಳಿಜಾರು ಕಂಡರೆ ಕೈ ನಡುಗುತ್ತದೆ. “ಇಷ್ಟು ವರ್ಷ ನಾನು ಏಕೆ ಸೈಕಲ್ ತುಳಿದೆ ಎಂಬುದೇ ಈಗ ತಿಳಿಯುತ್ತಿಲ್ಲ. ಬರುವ ಚಳಿಗಾಲದ 200 ಕಿಲೋಮೀಟರ್ ಬ್ರೆವೆಗೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ) ಹೆಸರು ಕೊಟ್ಟು ಹಟ ಹಿಡಿಯಬೇಕೋ, ಅಥವಾ ಕೇಳುತ್ತಿರುವ ಸಹೋದ್ಯೋಗಿಗೆ ಸೈಕಲ್ ಮಾರಿಬಿಡಬೇಕೋ?” ಎಂದು ಕೇಳಿದ್ದಾರೆ.

ಮಾನ್ಯರೆ,

ನಿಮ್ಮ ಪತ್ರ ಓದಿದ ಮೇಲೆ ನಾಲ್ಕು ಸಾಲಿನ ಸಮಾಧಾನ ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಬಿದ್ದು ಮೂಳೆ ಮುರಿದುಕೊಂಡವರಿಗೆ ನಮ್ಮಲ್ಲಿ ಎರಡು ಬಗೆಯ ಮಾತು ಧಾರಾಳವಾಗಿ ಸಿಗುತ್ತವೆ. “ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಬೇಕಿತ್ತು” ಎಂಬುದೊಂದು, “ಧೈರ್ಯವಾಗಿರಿ, ಮೊದಲಿನಂತೆಯೇ ಆಗುತ್ತೀರಿ” ಎಂಬುದು ಇನ್ನೊಂದು. ಆಡುವವರು ಪ್ರೀತಿಯಿಂದಲೇ ಆಡುತ್ತಾರೆ; ಆದರೆ ಏಕೆ ತುಳಿಯಬೇಕು ಎಂಬ ನಿಮ್ಮ ಪ್ರಶ್ನೆಯನ್ನು ಎರಡೂ ಮುಟ್ಟುವುದಿಲ್ಲ. ಆ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಹುಡುಕಿ, ಸಿಕ್ಕ ಮೇಲೆ ಸೈಕಲ್ ಹೊರಗೆ ತೆಗೆಯುತ್ತೇನೆಂದರೆ ಅದು ಸಿಗಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಗಿ ಬರಲೇಬೇಕಾದ ಯಾವುದಾದರೂ ಕೆಲಸವನ್ನು ಇಟ್ಟುಕೊಂಡು, ಆ ಕೆಲಸಕ್ಕಾಗಿ ಸೈಕಲ್ ತೆಗೆಯಿರಿ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ಅದಕ್ಕೆ ಬರುವ ಮುನ್ನ ನಿಮ್ಮ ಆ್ಯಪಿನ ವಿಚಾರವನ್ನು ಇತ್ಯರ್ಥ ಮಾಡೋಣ.

ನೀವು ಗಣಿತದವರು. ಎರಡು ಸಂಖ್ಯೆಗಳನ್ನು ಹೋಲಿಸುವ ಮುನ್ನ ಅವು ಒಂದೇ ಬಗೆಯ ವಸ್ತುವಿನ ಅಳತೆಗಳೇ ಎಂದು ನೋಡಬೇಕೆಂಬುದನ್ನು ಮಕ್ಕಳಿಗೆ ದಿನವೂ ಕಲಿಸುತ್ತೀರಿ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಸುಮಾರು ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ, ಶ್ರಮಪಡುವಾಗ ಅವರ ದೇಹ ಬಳಸಿಕೊಳ್ಳಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣವನ್ನು ಅಳೆದರು. ಅದು ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ವಯಸ್ಸಿಗಿಂತ ಆ ಮೂರು ವಾರಗಳ ಹಾಸಿಗೆಯೇ ಅವರ ಸಾಮರ್ಥ್ಯವನ್ನು ಹೆಚ್ಚು ತಗ್ಗಿಸಿತ್ತೆಂದು ಕಂಡುಬಂತು. ಹಾಸಿಗೆ ಬಿಟ್ಟ ಮೇಲೆ ಸುಮಾರು ಎರಡು ತಿಂಗಳ ಕ್ರಮಬದ್ಧ ವ್ಯಾಯಾಮದಿಂದ ಆ ಯುವಕರು ಕಳೆದುಕೊಂಡದ್ದನ್ನೆಲ್ಲ ಪಡೆದು ಅದಕ್ಕಿಂತ ಮೇಲಕ್ಕೂ ಹೋದರೆಂಬುದು ಅದೇ ಪ್ರಯೋಗದ ಇನ್ನೊಂದು ಮುಖ. ಅವರಿಗೆ ಯಾವ ಗಾಯವೂ ಆಗಿರಲಿಲ್ಲ. ನಿಮ್ಮ ಮಂಡಿಯನ್ನಾದರೋ ವಾರಗಟ್ಟಲೆ ಪಟ್ಟಿಯೊಳಗೆ ನೆಟ್ಟಗೆ ಹಿಡಿದಿಟ್ಟಿದ್ದರು. ಆ ಅವಧಿಯಲ್ಲಿ ತೊಡೆಯ ಮುಂಭಾಗದ ಸ್ನಾಯು ಕಣ್ಣಿಗೆ ಕಾಣುವಷ್ಟು ಸೊರಗುತ್ತದೆ; ದರ್ಜಿಯ ಟೇಪು ಹಿಡಿದು ಎರಡೂ ತೊಡೆಗಳ ಸುತ್ತಳತೆ ತೆಗೆದರೆ ನಿಮಗೇ ತಿಳಿಯುತ್ತದೆ. ಹಾಗಿರುವಾಗ ಈ ಕಾಲಿನ ಸಮಯವನ್ನು ಕಳೆದ ವರ್ಷದ ಕಾಲಿನ ಸಮಯದ ಪಕ್ಕದಲ್ಲಿಟ್ಟು ದುಃಖಪಡುವುದು ನ್ಯಾಯವಲ್ಲ. ಸದ್ಯಕ್ಕೆ ಆ ಆ್ಯಪನ್ನು ಮೊಬೈಲಿನಿಂದ ತೆಗೆದುಹಾಕಿ. ನಿಮ್ಮ ಹಳೆಯ ದಾಖಲೆಗಳು ಖಾತೆಯಲ್ಲಿ ಇದ್ದೇ ಇರುತ್ತವೆ. ಅಳೆಯಲೇಬೇಕೆನಿಸಿದರೆ ವಾರಕ್ಕೊಮ್ಮೆ ಆ ಟೇಪಿನಿಂದ ತೊಡೆಯನ್ನೇ ಅಳೆಯಿರಿ.

ಬಿದ್ದು ಎದ್ದವರಿಗೆ ಹೇಳುವ ಕಥೆಗಳಲ್ಲಿ ಅಮೆರಿಕದ ಸೈಕಲ್ ಪಟು ಗ್ರೆಗ್ ಲೆಮಾಂಡ್ ಅವರದು ಪ್ರಸಿದ್ಧ. 1987ರ ಏಪ್ರಿಲ್‌ನಲ್ಲಿ ಬೇಟೆಗೆ ಹೋದಾಗ ಆಕಸ್ಮಿಕವಾಗಿ ಗುಂಡು ತಗುಲಿ ಸಾವಿನ ಸಮೀಪಕ್ಕೆ ಹೋಗಿ ಬಂದ ಅವರು, 1989ರ ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಕೇವಲ 8 ಸೆಕೆಂಡುಗಳ ಅಂತರದಿಂದ ಗೆದ್ದರು. ಹೇಳುವವರೆಲ್ಲ ಆ 8 ಸೆಕೆಂಡುಗಳನ್ನು ಬಣ್ಣಿಸುತ್ತಾರೆಯೇ ಹೊರತು ನಡುವಿನ ಎರಡು ವರ್ಷಗಳನ್ನು ಹಾರಿಸಿಬಿಡುತ್ತಾರೆ. ಆ ಎರಡು ವರ್ಷ ಅವರು ಗುಂಪಿನ ಹಿಂದೆ ಉಳಿಯುತ್ತಿದ್ದರು; ಅದೇ 1989ರ ಬೇಸಿಗೆಯ ಇಟಲಿಯ ಪಂದ್ಯದಲ್ಲಿ ಸೈಕಲ್ಲನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ್ದರು. ಅದು ಜೀವನೋಪಾಯಕ್ಕಾಗಿ ತುಳಿಯುತ್ತಿದ್ದ, ದಿನವಿಡೀ ಅದೊಂದೇ ಕೆಲಸವಾಗಿದ್ದ ಮನುಷ್ಯನ ಮಾತು. ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ನಡುವೆ ಬಿಡುವು ಮಾಡಿಕೊಳ್ಳಬೇಕಾದ ನೀವು ಕೆಲವೇ ತಿಂಗಳಲ್ಲಿ ಮೊದಲಿನಂತಾಗಲಿಲ್ಲವೆಂದು ಕೊರಗಬೇಕಾಗಿಲ್ಲ.

ಇನ್ನು ಸೈಕಲ್ಲಿನ ಸಜ್ಜು. ನಿಮ್ಮ ಫಿಸಿಯೋಥೆರಪಿಸ್ಟರು ಹೇಳಿದ್ದೇ ಅಂತಿಮ. ನಾನು ಹೇಳುವುದನ್ನು ಅವರಿಗೆ ತೋರಿಸಿಯೇ ಮಾಡಿ. ಸೀಟು ತಗ್ಗಿದ್ದಷ್ಟೂ ಪೆಡಲು ಮೇಲೆ ಬಂದಾಗ ಮಂಡಿ ಹೆಚ್ಚು ಮಡಚಿಕೊಂಡು, ಚಿಪ್ಪು ತೊಡೆಯೆಲುಬಿನ ಮೇಲೆ ಹೆಚ್ಚು ಒತ್ತುತ್ತದೆ. ಪೆಡಲು ಅತ್ಯಂತ ಕೆಳಗಿರುವಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕೆಂಬುದು ಸಾಮಾನ್ಯ ಲೆಕ್ಕ. ನೀವು ಅದರಲ್ಲಿ ಕಡಿಮೆ ಬಾಗುವ ಕಡೆಗೆ, ಅಂದರೆ ಸೀಟು ತುಸು ಎತ್ತರವಿರುವ ಕಡೆಗೆ ಇರಿ. ಭಾರದ ಗೇರನ್ನು ಹಾಕಿ ಒತ್ತಿ ತುಳಿಯುವ ಅಭ್ಯಾಸವಿದ್ದರೆ ಬಿಡಿ. ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತು ಸುತ್ತಿನ ಆಸುಪಾಸಿನಲ್ಲಿ ಕಾಲು ಆಡಲಿ. ಹಿಂಚಕ್ರಕ್ಕೆ 34 ಹಲ್ಲಿನವರೆಗಿನ ಕ್ಯಾಸೆಟ್ (ಗೇರಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸುವ ಖರ್ಚು ಮಂಡಿಗಾಗಿ ಮಾಡುವ ಖರ್ಚೆಂದು ತಿಳಿಯಿರಿ. ಕೊರಳೆಲುಬಿನ ಕಡೆಯಿಂದ ನೋಡಿದರೆ ಹ್ಯಾಂಡಲನ್ನು ಸ್ವಲ್ಪ ಎತ್ತರಿಸುವುದು, ಸಣ್ಣ ಟೈರಿನ ಬದಲು 32 ಮಿಲಿಮೀಟರಿನದನ್ನು ಹಾಕಿ ಗಾಳಿ ಕಡಿಮೆ ಮಾಡುವುದು, ಈ ಎರಡರಿಂದ ಕೈ ಮೇಲಿನ ಭಾರವೂ ಗುಂಡಿಗಳ ಹೊಡೆತವೂ ಇಳಿಯುತ್ತವೆ. ಮರುದಿನ ಬೆಳಿಗ್ಗೆ ಮಂಡಿ ಊದಿಕೊಂಡಿದ್ದರೆ ಹಿಂದಿನ ದಿನ ತುಳಿದದ್ದು ಹೆಚ್ಚಾಯಿತೆಂದು ಅರ್ಥ. ಬಿದ್ದಾಗ ಧರಿಸಿದ್ದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಇನ್ನು ಬಳಸಬೇಡಿ. ಒಳಗಿನ ಫೋಮು ಒಂದು ಪೆಟ್ಟನ್ನು ತಾನು ಕುಗ್ಗಿ ತೆಗೆದುಕೊಳ್ಳುತ್ತದೆ, ಎರಡನೆಯದಕ್ಕೆ ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನಂದಿಬೆಟ್ಟದ ಹೆಸರು ಮತ್ತೆ ಮತ್ತೆ ಬಂದಿದೆ. ಬೆಟ್ಟದ ಹೊರತು ನೀವು ಸೈಕಲ್ಲಿನಲ್ಲಿ ಎಲ್ಲಿಗೆ ಹೋಗುತ್ತಿದ್ದಿರಿ ಎಂಬುದು ಒಂದು ಸಾಲಿನಲ್ಲೂ ಇಲ್ಲ. ಏಳೆಂಟು ಕಿಲೋಮೀಟರಿನ ಆ ಏರು, ಸಂಖ್ಯೆ ಬರೆದ ಆ ತಿರುವುಗಳು, ತುದಿಗೆ ಹೋದಂತೆ ಕಡಿದಾಗುವ ದಾರಿ, 1478 ಮೀಟರಿನ ಆ ನೆತ್ತಿ, ಇವೆಲ್ಲ ಸೈಕಲ್ಲಿನವರನ್ನು ಸೆಳೆಯುವುದು ಸಹಜ. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟು ಬರುವವರು ವಾರ ವಾರವೂ ಇದ್ದಾರೆ. ಆದರೆ ಬೆಟ್ಟವನ್ನು ಏರುವುದಕ್ಕಾಗಿಯೇ ಏರುವವನಿಗೆ ಸಮಯವೊಂದೇ ಕೈಯಲ್ಲಿ ಉಳಿಯುತ್ತದೆ, ಆ ಸಮಯ ಕೈತಪ್ಪಿದ ದಿನ ತುಳಿಯುವ ಕಾರಣವೂ ಅದರೊಂದಿಗೆ ಹೋಗುತ್ತದೆ. ನಿಮಗೆ ಆಗಿರುವುದು ಇದೇ ಎಂದು ನನಗೆ ತೋರುತ್ತದೆ. ನಮ್ಮ ಸೀಮೆಯಲ್ಲಿ ಸೈಕಲ್ ಬೆಟ್ಟ ಹತ್ತಲು ಬಂದದ್ದಲ್ಲ. ಡೇರಿಗೆ ಹಾಲಿನ ಕ್ಯಾನು, ಸಂತೆಗೆ ಸೊಪ್ಪು ತರಕಾರಿ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಶಾಲೆಗೆ ಮಕ್ಕಳು, ಎಲ್ಲ ಅದರ ಮೇಲೆಯೇ ಹೋಗಿವೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದ ಮೇಲೆ ಸುತ್ತಲಿನ ಹಳ್ಳಿಗಳಿಂದ ಪ್ರೌಢಶಾಲೆಗೆ ಸಾಲುಗಟ್ಟಿ ಬರುತ್ತಿದ್ದ ಹೆಣ್ಣುಮಕ್ಕಳನ್ನು ನೀವೂ ಕಂಡಿರುತ್ತೀರಿ. ತಾನು ಏಕೆ ತುಳಿಯುತ್ತಿದ್ದೇನೆಂದು ಅವರಲ್ಲಿ ಯಾರಿಗೂ ಅನುಮಾನ ಬಂದಿರಲಾರದು.

ಶಿಡ್ಲಘಟ್ಟದ ರಸ್ತೆಯಲ್ಲಿ ಬೆಳಗಿನ ಹೊತ್ತು ಇಂದಿಗೂ ಆಗೊಮ್ಮೆ ಈಗೊಮ್ಮೆ ಒಬ್ಬ ಹಿರಿಯರು ಎದುರಾಗುತ್ತಾರೆ. ಕ್ಯಾರಿಯರಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಅದನ್ನು ಬಿಗಿಯಲು ಉದ್ದಕ್ಕೆ ಸೀಳಿದ ಹಳೆಯ ಟ್ಯೂಬು, ಸೊಪ್ಪು ಬಾಡದಂತೆ ಮೇಲೊಂದು ಒದ್ದೆ ಗೋಣಿ. ಏರು ಬಂದ ಕಡೆ ಅವರು ಇಳಿದು, ಒಂದು ಕೈ ಹ್ಯಾಂಡಲಿನ ಮೇಲೆ, ಇನ್ನೊಂದು ಸೀಟಿನ ಮೇಲಿಟ್ಟು ತಳ್ಳಿಕೊಂಡು ನಡೆಯುತ್ತಾರೆ. ಸಮತಟ್ಟು ಬಂದೊಡನೆ ಎಡಪೆಡಲಿನ ಮೇಲೆ ಕಾಲಿಟ್ಟು ನಾಲ್ಕು ಹೆಜ್ಜೆ ಒದ್ದು ಹತ್ತುತ್ತಾರೆ. ಇಳಿದು ತಳ್ಳುವುದರಲ್ಲಿ ಸೋಲಿನ ಛಾಯೆಯೇ ಅವರ ಮುಖದಲ್ಲಿಲ್ಲ, ಏಕೆಂದರೆ ಸೊಪ್ಪು ಹುಳುಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು ಎಂಬುದೊಂದೇ ಅವರ ಲೆಕ್ಕ. ನಿಮ್ಮ ಸೈಕಲ್ಲಿಗೂ ಅಂಥದೊಂದು ಕೆಲಸ ಹಚ್ಚಿರೆಂದು ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಹೂವಿನ ಮಾರುಕಟ್ಟೆಗೆ ಹೋಗಿ ಸೇವಂತಿಗೆ ತರುವುದಿರಲಿ, ಕಂದವಾರ ಕೆರೆಯ ಕಡೆಯ ತೋಟದಿಂದ ಸೊಪ್ಪು ತರುವುದಿರಲಿ, ವಾರಕ್ಕೊಂದು ದಿನ ಶಾಲೆಗೇ ಹೋಗುವುದಿರಲಿ, ಮೊದಲ ತಿಂಗಳಿಗೆ ಅಷ್ಟು ಸಾಕು. ಆಮೇಲೆ ಮುದ್ದೇನಹಳ್ಳಿಯ ದಾರಿ ಹಿಡಿದು ವಿಶ್ವೇಶ್ವರಯ್ಯನವರ ಮನೆಯವರೆಗೆ, ಇನ್ನೊಂದು ವಾರ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದವರೆಗೆ, ಮತ್ತೊಮ್ಮೆ ನಂದಿ ಹಾಲ್ಟ್ ರೈಲು ನಿಲ್ದಾಣದವರೆಗೆ ಹೋಗಿ ಬನ್ನಿ. ಬೆಟ್ಟದ ಬುಡದಲ್ಲೇ ಇರುವ ಈ ಊರುಗಳನ್ನು ನೀವು ಇಷ್ಟು ವರ್ಷ ಬೆಟ್ಟಕ್ಕೆ ಹೋಗುವ ಆತುರದಲ್ಲಿ ದಾಟಿಕೊಂಡು ಹೋಗಿದ್ದೀರಿ. ಭೋಗನಂದೀಶ್ವರದ ಪುಷ್ಕರಿಣಿಯ ಮೆಟ್ಟಿಲ ಮೇಲೆ ಮಂಡಿ ಚಾಚಿ ಒಂದು ಗಳಿಗೆ ಕುಳಿತು ಬರುವುದೂ ಚಿಕಿತ್ಸೆಯ ಭಾಗವೆಂದೇ ನಾನು ಹೇಳುತ್ತೇನೆ. ಗಾಂಧೀಜಿ 1927ರಲ್ಲಿ ಪ್ರವಾಸದ ನಡುವೆ ಆರೋಗ್ಯ ಕೆಟ್ಟು, ವೈದ್ಯರ ಮಾತಿಗೆ ಒಪ್ಪಿ ಸುಧಾರಿಸಿಕೊಳ್ಳಲು ಬಂದು ಉಳಿದದ್ದು ಇದೇ ನಂದಿಬೆಟ್ಟದಲ್ಲಿ. 1936ರಲ್ಲಿಯೂ ಮತ್ತೆ ಬಂದರು. ಸುಧಾರಿಸಿಕೊಳ್ಳಲು ಜನ ಬರುತ್ತಿದ್ದ ಬೆಟ್ಟ ಅದು ಎಂಬುದನ್ನು ಸೈಕಲ್ಲಿನವರಾದ ನಾವು ಮರೆತಿದ್ದೇವೆ.

ಇಳಿಜಾರಿನ ಭಯವನ್ನು ಮಂಡಿಯ ನೋವಿನೊಂದಿಗೆ ಸೇರಿಸಬೇಡಿ, ಅವೆರಡೂ ಬೇರೆ ಬೇರೆ ವೇಗದಲ್ಲಿ ವಾಸಿಯಾಗುತ್ತವೆ. ನನ್ನ ಕಣಕಾಲಿನ ಮೂಳೆ ಮುರಿದು ಕೂಡಿದ ಮೇಲೆ ನಾನು ಬಹಳ ಕಾಲ ಇಳಿಜಾರುಗಳಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಬಂದಿದ್ದೇನೆ, ಅದರಿಂದ ಏನನ್ನೂ ಕಳೆದುಕೊಂಡೆನೆಂದು ಅನಿಸಿಲ್ಲ. ನಿಮ್ಮ ಕೈ ನಡುಗುವುದಕ್ಕೆ ಕಾರಣವಿದೆ: ಮರಳಿನ ಮೇಲೆ ಚಕ್ರ ಜಾರಿದ್ದನ್ನು ದೇಹ ಮರೆತಿಲ್ಲ. ಕೈ ಮತ್ತೆ ನಂಬುವಂತಾಗಲು ಬ್ರೇಕನ್ನು ಹೊಸದಾಗಿ ಅಭ್ಯಾಸ ಮಾಡಬೇಕು. ವಾಹನವಿಲ್ಲದ, ತುದಿಯವರೆಗೂ ಕಣ್ಣಿಗೆ ಕಾಣುವ ಸಣ್ಣದೊಂದು ಇಳಿಜಾರನ್ನು ಆರಿಸಿಕೊಳ್ಳಿ. ಸೈಕಲ್ಲನ್ನು ಹೆಚ್ಚು ತಡೆಯುವುದು ಮುಂದಿನ ಬ್ರೇಕೇ. ಆದರೆ ತಿರುಗುತ್ತಿರುವಾಗ ಅದನ್ನು ಬಿಗಿಯಾಗಿ ಹಿಡಿದರೆ, ಅದೂ ಮರಳಿರುವ ಕಡೆ, ಮುಂಚಕ್ರ ಜಾರುತ್ತದೆ. ಆದ್ದರಿಂದ ಸೈಕಲ್ ನೇರವಾಗಿರುವಾಗಲೇ ವೇಗವನ್ನೆಲ್ಲ ಇಳಿಸಿ, ತಿರುವಿನೊಳಗೆ ಬೆರಳು ಸಡಿಲಿಸಿ, ಹೊರಬದಿಯ ಪೆಡಲನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ, ತಿರುವು ಮುಗಿಯುವ ಕಡೆಗೆ ನೋಡಿ. ಇದು ಕೈಗೆ ಬಂದ ಮೇಲೆ ವಾರದ ನಡುವಿನ ರಜೆಯೊಂದರಲ್ಲಿ ಬೆಟ್ಟದ ಮೊದಲ ಕೆಲವು ತಿರುವುಗಳನ್ನಷ್ಟೇ ಏರಿ ಅಲ್ಲಿಂದಲೇ ಹಿಂದಿರುಗಿ. ವಾರಾಂತ್ಯದ ಕಾರು, ಬೈಕುಗಳ ನೂಕುನುಗ್ಗಲಿನಲ್ಲಿ ಆ ದಾರಿ ಈಗ ನಿಮಗೆ ತಕ್ಕದ್ದಲ್ಲ. ಮಳೆ ನಿಂತ ಮರುದಿನವೂ ಬೇಡ; ಮೇಲಿನ ಮಣ್ಣೆಲ್ಲ ಅಂದು ತಿರುವುಗಳಲ್ಲೇ ಬಂದು ಕೂತಿರುತ್ತದೆ.

ಬ್ರೆವೆಯ ವಿಚಾರ. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕೆಂಬುದು ನಿಯಮ, ಅಂದರೆ ಊಟ, ಪಂಕ್ಚರುಗಳ ಸಮಯವೂ ಸೇರಿ ಗಂಟೆಗೆ ಸರಾಸರಿ 15 ಕಿಲೋಮೀಟರಿಗೂ ಕಡಿಮೆ. ಅಲ್ಲಿ ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಸಿಗುವ ಮನ್ನಣೆ ಒಂದೇ. ಹೀಗಾಗಿ ನಿಮ್ಮಂಥವರಿಗೆ ಹೊಂದುವ ಸವಾರಿಯೇ ಅದು. ಆದರೂ ಈ ಚಳಿಗಾಲಕ್ಕೆ ಹೆಸರು ಕೊಡಬೇಡಿರೆಂದೇ ಹೇಳುತ್ತೇನೆ. ತಾರೀಖು ನಿಗದಿಯಾಯಿತೆಂದರೆ ಮಂಡಿ ಬೇಡವೆಂದ ದಿನವೂ ನೀವು ತುಳಿಯುತ್ತೀರಿ, ನಿಮ್ಮ ಪತ್ರದ ಧಾಟಿಯೇ ಅದನ್ನು ಹೇಳುತ್ತಿದೆ. ಚಿಂತಾಮಣಿಗೆ ಹೋಗಿ ಊಟ ಮಾಡಿ ಮರಳಿ ಬಂದು, ಮರುದಿನ ಮಂಡಿ ಊದದೆ ಎಂದಿನಂತೆ ಪಾಠಕ್ಕೆ ನಿಲ್ಲುವಂತಾದ ಮೇಲೆ ಹೆಸರು ಕೊಡುವ ಮಾತು. ಅದು ಈ ವರ್ಷವೋ, ಮುಂದಿನ ವರ್ಷವೋ ಕಾಲೇ ನಿರ್ಧರಿಸಲಿ.

ಕೊನೆಯದಾಗಿ, ಸೈಕಲ್ಲನ್ನು ಈಗ ಮಾರಬೇಡಿ. ಬಿದ್ದ ಸೈಕಲ್ಲನ್ನು ತಿಳಿದವರು ಬಿಚ್ಚಿ ನೋಡದೆ ಇನ್ನೊಬ್ಬರಿಗೆ ಕೊಡುವುದು ಹೇಗೂ ಸರಿಯಲ್ಲ. ಮುಂಚಕ್ರವನ್ನು ಹಿಡಿದಿರುವ ಕವೆ, ಅಂದರೆ ಫೋರ್ಕ್, ಕಾರ್ಬನ್ನಿನದಾಗಿದ್ದರೆ ಅದರೊಳಗಿನ ಬಿರುಕು ಹೊರಗೆ ಕಾಣದೆಯೂ ಇರಬಹುದು. ಒಳ್ಳೆಯ ಮೆಕ್ಯಾನಿಕ್ ಒಬ್ಬರಲ್ಲಿ ಅದನ್ನು ಪರೀಕ್ಷೆಗೆ ಬಿಡಿ. ಅಲ್ಲಿಯೇ ಸೀಟಿನ ಕಂಬಿಗೆ ಹಿಡಿಸುವ ಹಗುರವಾದ ಕ್ಯಾರಿಯರೊಂದನ್ನೂ, ಒಂದು ಗಂಟೆಯನ್ನೂ ಹಾಕಿಸಿಕೊಳ್ಳಿ, ಶೂ ಸಿಕ್ಕಿಸುವ ಪೆಡಲುಗಳನ್ನು ತೆಗೆಸಿ ಸಾದಾ ಪೆಡಲು ಹಾಕಿಸಿ. ನಿಮ್ಮ ಸಹೋದ್ಯೋಗಿಗೆ ನಿಜವಾಗಿ ಆಸೆಯಿದ್ದರೆ ಅವರು ಬೇರೊಂದನ್ನು ಕೊಳ್ಳಲಿ; ಹೂವಿನ ಮಾರುಕಟ್ಟೆಗೆ ಹೋಗುವ ಬೆಳಿಗ್ಗೆ ನಿಮಗೊಬ್ಬರು ಜೊತೆಯಾಗುತ್ತಾರೆ.