ನಡಿಗೆ ಸ್ಪರ್ಧೆಗಿಂತ ಮೊದಲು ಪಾಳಿ ನೋಡಿ

ಓದುಗರ ಪತ್ರ: ನಮ್ಮ ಕಂಪನಿಯಲ್ಲಿ ಪ್ರತಿ ವರ್ಷ ಆರೋಗ್ಯ ಶಿಬಿರ, ಯೋಗ ತರಗತಿ, ನಡಿಗೆ ಸ್ಪರ್ಧೆ ಇರುತ್ತವೆ. ಬರುವವರೆಲ್ಲ ಮೊದಲೇ ಜಿಮ್‌ಗೆ ಹೋಗುವವರು. ರಾತ್ರಿ ಪಾಳಿಯವರು ಅತ್ತ ತಲೆಯೂ ಹಾಕುವುದಿಲ್ಲ. ಇದರಿಂದ ಉಪಯೋಗ ಇದೆಯಾ? ಇದನ್ನು ನಡೆಸುವ ಹೊಣೆ ನನ್ನದು.
– ಎಚ್‌ಆರ್ ವಿಭಾಗದ ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ನೀವು ಗಮನಿಸಿದ್ದು ನಿಜ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ನೌಕರರಿಗಾಗಿ ಇಂಥದ್ದೇ ಆರೋಗ್ಯ ಕಾರ್ಯಕ್ರಮ ನಡೆಸಿ, ಅದರಿಂದ ಉಪಯೋಗ ಇದೆಯಾ ಎಂದು ಪರೀಕ್ಷಿಸಿದರು. ಅಧ್ಯಯನಕ್ಕೆ ಒಪ್ಪಿದವರು ಸುಮಾರು 5,000 ಜನ. ಯಾರಿಗೆ ಕಾರ್ಯಕ್ರಮ, ಯಾರಿಗೆ ಇಲ್ಲ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಮೊದಲ ವರ್ಷ ವೈದ್ಯಕೀಯ ಖರ್ಚು ಇಳಿಯಲಿಲ್ಲ, ಜಿಮ್‌ಗೆ ಹೋಗುವವರೂ ಹೆಚ್ಚಲಿಲ್ಲ. ಎರಡು ವರ್ಷವಾದ ಮೇಲೂ ತೂಕ, ಬಿಪಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ವಿಷಯವನ್ನು ನೀವು ನಿಮ್ಮ ಮೇಲಿನವರಿಗೆ ಹೇಳಲೇಬೇಕು. ಅಲ್ಲಿ ಕಾರ್ಯಕ್ರಮಕ್ಕೆ ಬಂದವರ ಆಸ್ಪತ್ರೆ ಖರ್ಚು ಅದು ಶುರುವಾಗುವ ಮೊದಲೇ ಕಡಿಮೆ ಇತ್ತು. ಬಂದವರನ್ನೂ ಬಾರದವರನ್ನೂ ಸುಮ್ನೆ ಹೋಲಿಸಿದ್ದರೆ ಕಾರ್ಯಕ್ರಮ ಭಾರಿ ಯಶಸ್ವಿ ಅನ್ನಿಸುತ್ತಿತ್ತು. ವರ್ಷದ ಕೊನೆಗೆ ಹಾಜರಾತಿ ಪಟ್ಟಿ ಹಿಡಿದು ಲಾಭ ಲೆಕ್ಕ ಹಾಕುವಾಗ ಆಗುವುದೂ ಇದೇ ಅಲ್ವಾ?

ಹಾಗಂತ ಬಿಪಿ, ಸಕ್ಕರೆ ತಪಾಸಣೆ ನಿಲ್ಲಿಸಬೇಡಿ. ಎಷ್ಟೋ ಜನರಿಗೆ ಬಿಪಿ ಇರುವುದೇ ಗೊತ್ತಿರುವುದಿಲ್ಲ. ಆದರೆ ಫಲಿತಾಂಶ ನೌಕರರ ಕೈಗೆ ಮಾತ್ರ ಸೇರಲಿ, ಮ್ಯಾನೇಜರ್ ಕೈಗೆ ಬೇಡ.

ಕೆಲಸವೇ ಮೈಯನ್ನು ರೂಪಿಸುತ್ತದೆ ಅನ್ನುವುದು ಹಳೆಯ ಸಂಗತಿ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಬ್ರಿಟನ್ನಿನ ವೈದ್ಯ ಜೆರ‍್ರಿ ಮಾರಿಸ್ ಅಧ್ಯಯನ ಮಾಡಿ 1953ರಲ್ಲಿ ಪ್ರಕಟಿಸಿದರು. ದಿನವಿಡೀ ಕೂರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಲ್ಲಿ ಹೃದಯರೋಗ ಕಡಿಮೆ ಇತ್ತು. ಕಂಡಕ್ಟರ್‌ಗಳಿಗೆ ಯಾರೂ ವ್ಯಾಯಾಮದ ಪಾಠ ಹೇಳಿರಲಿಲ್ಲ.

ನಿಮ್ಮ ರಾತ್ರಿ ಪಾಳಿಯವರು ಸೋಮಾರಿಗಳಲ್ಲ. ಬೆಳಿಗ್ಗೆ ಮನೆ ಸೇರಿ ನಿದ್ದೆ ಮಾಡಬೇಕಾದ ಹೊತ್ತಿಗೆ ಯೋಗ ತರಗತಿ ಇಟ್ಟರೆ ಯಾರು ಬರುತ್ತಾರೆ? ಈ ವಾರ ಹಗಲು, ಮುಂದಿನ ವಾರ ರಾತ್ರಿ ಅಂತ ಪಾಳಿ ಬದಲಾಗುತ್ತಿದ್ದರೆ ಊಟದ ಹೊತ್ತೂ ಕೆಡುತ್ತದೆ. ಮೊದಲು ಅದನ್ನು ಸರಿಪಡಿಸಲು ಕೇಳಿ. ರಾತ್ರಿ ಕ್ಯಾಂಟೀನಿನಲ್ಲಿ ಪಫ್ಸ್, ಬಜ್ಜಿ ಬಿಟ್ಟು ಬೇರೇನು ಸಿಗುತ್ತದೆ ನೋಡಿ. ಬಿಸಿ ಅನ್ನ ಸಾರು, ಒಂದು ಪಲ್ಯ ಸಿಗುವಂತೆ ಮಾಡಿ. ಊಟದ ಬಿಡುವಿನಲ್ಲಿ ಮೀಟಿಂಗ್ ಇಡುವುದನ್ನು ನಿಲ್ಲಿಸಿ. ಈ ವರ್ಷದ ನಡಿಗೆ ಸ್ಪರ್ಧೆಯ ಬಹುಮಾನದ ಹಣವನ್ನು ರಾತ್ರಿ ಊಟಕ್ಕೇ ಕೊಡಿ ಎಂದು ಬರೆದು ಕೇಳಬಹುದು. ಆ ಪತ್ರದಲ್ಲಿ ಇಲಿನಾಯ್ ವಿಷಯವನ್ನೂ ಸೇರಿಸಿ.